ಮಂಡಿಗೆ ಕೊಡುವ ಕರೆಂಟ್ ಶಾಖ ಮತ್ತು ರಷ್ಯನ್ನರ ಹಳೆಯ ಎಚ್ಚರಿಕೆ

ಓದುಗರ ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 61 ವರ್ಷ, ನಿವೃತ್ತ ಶಿಕ್ಷಕಿ, ಊರು ದಾವಣಗೆರೆ. ಹನ್ನೆರಡು ವರ್ಷದಿಂದ ಶುಗರ್ ಇದೆ. ಎಡ ಮಂಡಿ ಸವೆದಿದೆ ಎಂದು ಡಾಕ್ಟ್ರು ಫಿಸಿಯೋಥೆರಪಿಗೆ ಕಳಿಸಿದ್ದಾರೆ. ಅಲ್ಲಿ ಮಂಡಿಯ ಎರಡೂ ಪಕ್ಕ ಪ್ಯಾಡ್ ಇಟ್ಟು ಹದಿನೈದು ನಿಮಿಷ ಕರೆಂಟ್ ಶಾಖ ಕೊಡುತ್ತಾರೆ. ಯಂತ್ರದ ಮೇಲೆ ಶಾರ್ಟ್‌ವೇವ್ ಡೈಥರ್ಮಿ ಎಂದು ಬರೆದಿದೆ. ಹತ್ತು ಸಿಟ್ಟಿಂಗ್‌ಗೆ ಒಟ್ಟಿಗೆ ದುಡ್ಡು ಕಟ್ಟಿದ್ದೆ, ಐದು ಮುಗಿದಿದೆ. ಮೊನ್ನೆ ನಮ್ಮ ಅಳಿಯಂದಿರು ಒಂದು ವಿಡಿಯೋ ಕಳಿಸಿದರು. ಈ ರೇಡಿಯೋ ಅಲೆಗಳು ನರಗಳನ್ನು ಹಾಳು ಮಾಡುತ್ತವೆ ಎಂದು ರಷ್ಯಾದವರು 1950ರ ದಶಕದಲ್ಲೇ ಕಂಡುಹಿಡಿದಿದ್ದರಂತೆ. ಅಮೆರಿಕಕ್ಕಿಂತ ಸಾವಿರ ಪಟ್ಟು ಬಿಗಿಯಾದ ಮಿತಿ ಹಾಕಿಕೊಂಡಿದ್ದರಂತೆ. ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯ ಮೇಲೆ ಇದೇ ಅಲೆ ಬಿಟ್ಟು ಜನರಿಗೆ ಕಾಯಿಲೆ ಬರಿಸಿದರಂತೆ. ಅಮೆರಿಕ ಎಲ್ಲವನ್ನೂ ಮುಚ್ಚಿಟ್ಟಿತಂತೆ. ಹಾಗಿದ್ದರೆ ಅದೇ ಅಲೆಯನ್ನು ದುಡ್ಡು ಕೊಟ್ಟು ನನ್ನ ಕಾಲಿಗೆ ಬಿಡಿಸಿಕೊಳ್ಳುತ್ತಿದ್ದೇನಲ್ಲ? ನಿಲ್ಲಿಸಲೇ? ಎರಡು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ತೊಡೆಗೆ ರಾಡ್ ಹಾಕಿದ್ದಾರೆ. ಜೊತೆಗೆ ಬರುವ ಮಗಳಿಗೆ ಈಗ ನಾಲ್ಕು ತಿಂಗಳು, ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾಳೆ. ಅವಳಿಗೇನಾದರೂ ಆಗುತ್ತದೆಯೇ?

ಉತ್ತರ: ಮೊದಲು ತುರ್ತಿನ ಮಾತು ಮುಗಿಸಿಬಿಡುತ್ತೇನೆ, ಇತಿಹಾಸ ಆಮೇಲೆ. ಆರನೇ ಸಿಟ್ಟಿಂಗ್ ಸದ್ಯಕ್ಕೆ ಬೇಡ. ತೊಡೆಯಲ್ಲಿ ರಾಡ್ ಇರುವುದನ್ನೂ ಶುಗರ್ ಇರುವುದನ್ನೂ ಫಿಸಿಯೋಥೆರಪಿಸ್ಟ್‌ಗೆ ಬಾಯಿ ಬಿಟ್ಟು ಹೇಳಿ. ಚೀಟಿಯಲ್ಲಿ ಬರೆದಿರುತ್ತದೆ ಎಂದು ಸುಮ್ಮನಿರಬೇಡಿ. ಮಗಳನ್ನು ಆ ಕೋಣೆಯ ಹೊರಗೆ ಕೂರಿಸಿ. ಈ ಮೂರಕ್ಕೂ ಕಾರಣ ಆ ವಿಡಿಯೋ ಅಲ್ಲ. ಕಾರಣ ಬೇರೆಯೇ ಇದೆ, ಅದನ್ನೇ ವಿವರಿಸುತ್ತೇನೆ.

ನಿಮ್ಮ ಪ್ರಶ್ನೆಯ ಒಳಗೆ ಎರಡು ಭಯ ಸೇರಿಕೊಂಡಿವೆ. ಒಂದು, ಈ ಅಲೆ ಬಿಸಿಯಲ್ಲದೆ ಬೇರೆ ಏನನ್ನೋ ಗುಟ್ಟಾಗಿ ಮಾಡುತ್ತದೆ ಎನ್ನುವುದು. ಇನ್ನೊಂದು, ಗೊತ್ತಿದ್ದವರು ಅದನ್ನು ಬಚ್ಚಿಟ್ಟರು ಎನ್ನುವುದು. ವಿಡಿಯೋ ಪೂರ್ತಿ ಸುಳ್ಳಲ್ಲ. ರಷ್ಯಾದ ಬಿಗಿ ಮಿತಿ ನಿಜ, ರಾಯಭಾರ ಕಚೇರಿಯ ಘಟನೆ ನಿಜ, ಗುಟ್ಟು ಮಾಡಿದ್ದೂ ನಿಜ. ಆದರೆ ಈ ಮೂರು ನಿಜಗಳಿಂದ ಅವರು ಎಳೆದು ತಂದ ತೀರ್ಮಾನ ನಿಲ್ಲುವುದಿಲ್ಲ.

ಕಥೆ ರಷ್ಯಾದಲ್ಲಿ ಶುರುವಾಗುವುದೂ ಇಲ್ಲ. ಅದು ಶುರುವಾಗುವುದು 1890ರ ಆಸುಪಾಸಿನ ಪ್ಯಾರಿಸ್‌ನಲ್ಲಿ. ಅಲ್ಲಿ ಜಾಕ್ ಆರ್ಸೆನ್ ದಾರ್ಸೊನ್ವಾಲ್ ಎಂಬ ವೈದ್ಯ-ವಿಜ್ಞಾನಿ ಇದ್ದರು. ವಿದ್ಯುತ್ ತಗುಲಿದರೆ ಸ್ನಾಯು ಸೆಟೆದುಕೊಳ್ಳುತ್ತದೆ ಎಂಬುದು ಇಟಲಿಯ ವಿಜ್ಞಾನಿ ಗಾಲ್ವಾನಿ ಸತ್ತ ಕಪ್ಪೆಯ ಕಾಲನ್ನು ವಿದ್ಯುತ್ತಿನಿಂದ ಸೆಳೆಯುವಂತೆ ಮಾಡಿದ ಕಾಲದಿಂದಲೂ ಗೊತ್ತಿತ್ತು. ದಾರ್ಸೊನ್ವಾಲ್ ಬೇರೆ ಪ್ರಶ್ನೆ ಕೇಳಿಕೊಂಡರು: ವಿದ್ಯುತ್ತಿನ ದಿಕ್ಕನ್ನು ಬೇಗ ಬೇಗ ಬದಲಿಸುತ್ತಾ ಹೋದರೆ ಏನಾಗುತ್ತದೆ? ಸೆಕೆಂಡಿಗೆ ಕೆಲವು ಸಾವಿರ ಸಲದವರೆಗೆ ಸೆಳೆತ ಏರಿತು. ಆಮೇಲೆ ಇಳಿಯತೊಡಗಿತು. ಇನ್ನೂ ಮೇಲೆ ಹೋದಾಗ ಸೆಳೆತವೂ ಇಲ್ಲ, ನೋವೂ ಇಲ್ಲ, ಬರೀ ಬೆಚ್ಚಗಿನ ಅನುಭವ. ಇಬ್ಬರನ್ನು ನಿಲ್ಲಿಸಿ, ಅವರ ಮೈ ಮೂಲಕವೇ ಕರೆಂಟ್ ಹರಿಸಿ, ನಡುವೆ ಬಲ್ಬ್ ಉರಿಸಿ ತೋರಿಸಿದರು. ಅಷ್ಟೇ ಕರೆಂಟ್ ಮನೆಯ ಪ್ಲಗ್ಗಿನಿಂದ ಹರಿದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ.

ಹೀಗೇಕೆ? ನರ ಕೆಲಸ ಮಾಡಬೇಕಾದರೆ ಅದರ ಪೊರೆಯ ಆಚೀಚೆ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು, ದಾಟಬೇಕು. ಅದಕ್ಕೆ ಒಂದಿಷ್ಟು ಹೊತ್ತು ಬೇಕು. ಬಾಗಿಲನ್ನು ಒಳಗೆ ತಳ್ಳಿದ ಕ್ಷಣವೇ ಹೊರಗೆ ಎಳೆದರೆ ಅದು ತೆರೆಯುವುದೇ ಇಲ್ಲ, ಅಲ್ವಾ? ನಿಮ್ಮ ಮಂಡಿಗೆ ಇಡುವ ಯಂತ್ರದಲ್ಲಿ ದಿಕ್ಕು ಸೆಕೆಂಡಿಗೆ ಸುಮಾರು 2 ಕೋಟಿ 71 ಲಕ್ಷ ಆವರ್ತಗಳ ವೇಗದಲ್ಲಿ ಬದಲಾಗುತ್ತದೆ. 27.12 ಮೆಗಾಹರ್ಟ್ಸ್ ಎನ್ನುವುದು ಅದನ್ನೇ. ಈ ವೇಗಕ್ಕೆ ನರ ಓಗೊಡುವುದಿಲ್ಲ. ಹಾಗಂತ ಶಕ್ತಿ ಎಲ್ಲೂ ಮಾಯವಾಗುವುದಿಲ್ಲ. ಅಂಗಾಂಶದ ಒಳಗಿನ ನೀರು, ಉಪ್ಪಿನ ಕಣಗಳನ್ನು ಅಲುಗಾಡಿಸಿ ಶಾಖವಾಗಿ ಇಳಿಯುತ್ತದೆ.

ಇದನ್ನೇ ಚಿಕಿತ್ಸೆ ಮಾಡಿದವರಲ್ಲಿ ಮುಖ್ಯರು ಬರ್ಲಿನ್ನಿನ ವೈದ್ಯ ನಾಗೆಲ್‌ಶ್ಮಿಟ್. 1900ರ ದಶಕದ ಕೊನೆಯ ಹೊತ್ತಿಗೆ ಡೈಥರ್ಮಿ ಎಂಬ ಹೆಸರೂ ಬಂದಿತ್ತು. ಅಂದರೆ ನಿಮ್ಮ ಕಾಲಿಗೆ ಇಡುವ ಚಿಕಿತ್ಸೆಗೆ ನೂರು ವರ್ಷ ದಾಟಿದೆ. ಮೊಬೈಲ್, ಟವರ್, ರೇಡಾರ್ ಎಲ್ಲಕ್ಕಿಂತ ಹಳೆಯದು ಅದು.

ನನಗೆ ಬಹಳ ಇಷ್ಟವಾದ ಘಟನೆ ನಡೆದದ್ದು 1920ರ ದಶಕದಲ್ಲಿ, ಅಮೆರಿಕದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ. ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಹತ್ತಿರ ಕೆಲಸ ಮಾಡುವವರ ಮೈ ಜ್ವರ ಬಂದ ಹಾಗೆ ಬಿಸಿಯಾಗುತ್ತಿತ್ತು. ಪ್ರಯೋಗಾಲಯದ ಮುಖ್ಯಸ್ಥ ವಿಲ್ಲಿಸ್ ವಿಟ್ನಿ ಅದನ್ನು ತಳ್ಳಿಹಾಕಲಿಲ್ಲ, ಮುಚ್ಚಿಡಲೂ ಇಲ್ಲ. ಹೆಲೆನ್ ಹಾಸ್ಮರ್ ಎಂಬ ಸಂಶೋಧಕಿ ಪ್ರಾಣಿಗಳ ಮೇಲೆ ಅಳೆದು ನೋಡಿ 1928ರಲ್ಲಿ ಫಲಿತಾಂಶ ಪ್ರಕಟಿಸಿದರು: ಹೌದು, ಮೈ ನಿಜವಾಗಿಯೂ ಕಾಯುತ್ತದೆ. ಆ ಕಾಲಕ್ಕೆ ಇದು ಸಿಹಿ ಸುದ್ದಿಯಾಗಿತ್ತು. ಪೆನಿಸಿಲಿನ್ ಇನ್ನೂ ಔಷಧಿಯಾಗಿರಲಿಲ್ಲ. ಸಿಫಿಲಿಸ್ ಮಿದುಳಿಗೆ ಏರಿದವರಿಗೆ ಬೇಕೆಂದೇ ಮಲೇರಿಯಾ ಬರಿಸಿ, ಆ ಜ್ವರದಿಂದ ಗುಣಪಡಿಸುವ ಪದ್ಧತಿಗೆ ವಿಯೆನ್ನಾದ ವಾಗ್ನರ್-ಯೌರೆಗ್ ಅವರಿಗೆ 1927ರಲ್ಲಿ ನೊಬೆಲ್ ಬಂದಿತ್ತು. ಮಲೇರಿಯಾ ಬದಲು ಯಂತ್ರದಿಂದಲೇ ಜ್ವರ ಬರಿಸಬಹುದಲ್ಲ ಎಂದುಕೊಂಡು ವಿಟ್ನಿ ತಂಡ ಯಂತ್ರವನ್ನೇ ಮಾಡಿತು.

ಅದೇ ಹೊತ್ತಿಗೆ ಜರ್ಮನಿಯ ಎರ್ವಿನ್ ಶ್ಲೀಫಾಕೆ ಎಂಬ ವೈದ್ಯರು, ಶಾರ್ಟ್‌ವೇವ್‌ಗೆ ಬಿಸಿಯಾಚೆಗೂ ಏನೋ ವಿಶೇಷ ಗುಣವಿದೆ ಎನ್ನತೊಡಗಿದರು. ಒಂದೊಂದು ರೋಗಕ್ಕೆ ಒಂದೊಂದು ಅಲೆ ಎನ್ನುವ ಮಾತು ಆಗಲೇ ಹುಟ್ಟಿತು. ಅಮೆರಿಕದ ವೈದ್ಯರು 1930ರ ದಶಕದಲ್ಲಿ ಅಳೆದು ನೋಡಿದಾಗ ಕಂಡದ್ದು ಶಾಖವೊಂದೇ. ಬಿಸಿ ಮಾತ್ರವೋ, ಬಿಸಿಯಾಚೆಗೂ ಇದೆಯೋ ಎಂಬ ಜಗಳ ಅಷ್ಟು ಹಳೆಯದು. ಆಗ ಬಿಸಿಯಾಚೆಯ ಗುಣ ಇದೆ ಎಂದು ವಾದಿಸಿದವರು ಅದನ್ನು ಒಳ್ಳೆಯದು ಎಂದೇ ವಾದಿಸಿದ್ದರು ಎಂಬುದು ಈಗಿನ ವಿಡಿಯೋ ಮಾಡುವವರಿಗೆ ಗೊತ್ತಿದ್ದಂತಿಲ್ಲ.

ಆ ಕಾಲದಲ್ಲಿ ರಷ್ಯಾದ ಅಲೆಕ್ಸಾಂಡರ್ ಗುರ್ವಿಚ್ ಇನ್ನೊಂದು ದೊಡ್ಡ ಗದ್ದಲ ಎಬ್ಬಿಸಿದ್ದರು. ಈರುಳ್ಳಿಯ ಬೇರಿನ ತುದಿಯಿಂದ ಸಣ್ಣ ಕಿರಣ ಹೊರಟು ಪಕ್ಕದ ಬೇರು ಬೆಳೆಯುವಂತೆ ಮಾಡುತ್ತದೆ ಎಂದು 1923ರಲ್ಲಿ ಹೇಳಿದರು. ನೂರಾರು ಲೇಖನಗಳು ಬಂದವು. ಎಚ್ಚರಿಕೆಯಿಂದ ಮತ್ತೆ ಮಾಡಿ ನೋಡಿದವರಿಗೆ ಅದು ಸಿಗಲಿಲ್ಲ. ಗುರ್ವಿಚ್ ಮೋಸಗಾರರಲ್ಲ. ಅಳೆಯುವ ಪರಿಣಾಮ ತೀರಾ ಸಣ್ಣದಿದ್ದಾಗ ಕಣ್ಣು ಬೇಕಾದ್ದನ್ನೇ ಕಾಣುತ್ತದೆ, ಅಷ್ಟೇ.

ಎರಡನೇ ಮಹಾಯುದ್ಧದಲ್ಲಿ ರೇಡಾರ್ ಬಂತು. ಅದರ ಜೊತೆಗೆ ಗಾಳಿಮಾತೂ ಬಂತು. ರೇಡಾರ್ ಹತ್ತಿರ ನಿಂತವರಿಗೆ ಮಕ್ಕಳಾಗುವುದಿಲ್ಲ, ಕೂದಲು ಉದುರುತ್ತದೆ ಎಂದು ಸೈನಿಕರಲ್ಲಿ ಹಬ್ಬಿತು. ಅಮೆರಿಕದ ನೌಕಾಪಡೆ ತನ್ನ ರೇಡಾರ್ ಸಿಬ್ಬಂದಿಯನ್ನು ಪರೀಕ್ಷಿಸಿ 1943ರಲ್ಲಿ ವರದಿ ಕೊಟ್ಟಿತು. ಹಾನಿಯ ಗುರುತು ಸಿಗಲಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1948ರಲ್ಲಿ ಪ್ರಾಣಿಗಳ ಕಣ್ಣಿಗೆ ಜೋರಾದ ಮೈಕ್ರೋವೇವ್ ಬಿಟ್ಟು ನೋಡಿದ ಅಮೆರಿಕದ ಸಂಶೋಧಕರಿಗೆ ಕಣ್ಣಿನ ಪೊರೆ ಬಂದದ್ದು ಕಾಣಿಸಿತು. 1952ರಲ್ಲಿ ಮೈಕ್ರೋವೇವ್ ಉಪಕರಣದ ಮುಂದೆ ಕೆಲಸ ಮಾಡುತ್ತಿದ್ದ ತಂತ್ರಜ್ಞರೊಬ್ಬರಿಗೆ ಪೊರೆ ಬಂದ ವರದಿ ಬಂತು. ಇವೆಲ್ಲ ವೈದ್ಯಕೀಯ ಪತ್ರಿಕೆಗಳಲ್ಲಿ ಬಹಿರಂಗವಾಗಿ ಅಚ್ಚಾದವು.

ಕಣ್ಣಿಗೇ ಏಕೆ ಮೊದಲು ಪೆಟ್ಟು? ಕಣ್ಣಿನ ಮಸೂರದಲ್ಲಿ ರಕ್ತನಾಳವೇ ಇಲ್ಲ. ನಮ್ಮ ಮೈಯಲ್ಲಿ ಎಲ್ಲೇ ಬಿಸಿಯಾದರೂ ಆ ಬಿಸಿಯನ್ನು ಹೊತ್ತೊಯ್ಯುವುದು ರಕ್ತ. ರಕ್ತ ಹರಿಯದ ಕಡೆ, ಕಡಿಮೆ ಹರಿಯುವ ಕಡೆ ಶಾಖ ಅಲ್ಲೇ ನಿಲ್ಲುತ್ತದೆ. ದಯವಿಟ್ಟು ಈ ಮಾತನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಶುಗರ್ ವಿಷಯಕ್ಕೆ ಬಂದಾಗ ಇದೇ ಬೇಕಾಗುತ್ತದೆ.

ಈಗ ಸಾವಿರ ಪಟ್ಟಿನ ಲೆಕ್ಕ. 1953ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹರ್ಮನ್ ಶ್ವಾನ್ ಒಂದು ಮಿತಿ ಸೂಚಿಸಿದರು: ಚದರ ಸೆಂಟಿಮೀಟರಿಗೆ 10 ಮಿಲಿವಾಟ್. ಅವರ ಲೆಕ್ಕ ಸರಳವಾಗಿತ್ತು. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವಾಟ್ ಶಾಖ ಉತ್ಪಾದಿಸುತ್ತದೆ. ಇನ್ನೊಂದು ಅಷ್ಟು ಸೇರಿದರೆ ಬೆವರಿ ನಿಭಾಯಿಸಬಹುದು. ಅದರ ಹತ್ತು ಪಟ್ಟಾದರೆ ಆಗುವುದಿಲ್ಲ. ಹೋಲಿಸಲು ಬೇಕಾದರೆ, ನೆತ್ತಿಯ ಮೇಲಿನ ಮಧ್ಯಾಹ್ನದ ಬಿಸಿಲು ಚದರ ಸೆಂಟಿಮೀಟರಿಗೆ ಸುಮಾರು 100 ಮಿಲಿವಾಟ್. ಶ್ವಾನ್ ಮಿತಿ ಅದರ ಹತ್ತನೇ ಒಂದು ಭಾಗ. 1966ರಲ್ಲಿ ಅಮೆರಿಕ ಇದನ್ನೇ ಮಾನಕ ಮಾಡಿಕೊಂಡಿತು.

ರಷ್ಯಾದವರು 1950ರ ದಶಕದ ಕೊನೆಯಲ್ಲಿ ಇಡೀ ದಿನದ ಕೆಲಸಕ್ಕೆ ಹಾಕಿಕೊಂಡ ಮಿತಿ ಚದರ ಸೆಂಟಿಮೀಟರಿಗೆ 10 ಮೈಕ್ರೋವಾಟ್. ಸಾವಿರ ಪಟ್ಟು ಕಡಿಮೆ, ವಿಡಿಯೋ ಹೇಳಿದ್ದು ಸರಿ. ಮಾಸ್ಕೋದ ಕಾರ್ಮಿಕ ಆರೋಗ್ಯ ಸಂಸ್ಥೆಯಲ್ಲಿ ಜಿನೈದಾ ಗೋರ್ಡನ್ ಮತ್ತು ಸಂಗಡಿಗರು ಮೈಕ್ರೋವೇವ್ ಉಪಕರಣಗಳ ಕೆಲಸಗಾರರನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದರು. ತಲೆನೋವು, ಸುಸ್ತು, ನಿದ್ದೆಗೇಡು, ನಾಡಿ ನಿಧಾನವಾಗುವುದು, ರಕ್ತದೊತ್ತಡದ ಏರಿಳಿತ ಎಂದೆಲ್ಲ ಬರೆದರು.

ಇದನ್ನು ಸುಳ್ಳು ಎಂದು ಎಸೆಯುವುದು ನನಗೆ ಸರಿ ಕಾಣುವುದಿಲ್ಲ. ಆ ಕೆಲಸಗಾರರಿಗೆ ತಲೆನೋವು ಇತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ತಲೆನೋವು ತಂದದ್ದು ಅಲೆಯೇ ಎಂದು ಹೇಗೆ ಗೊತ್ತು? ಆ ಕೋಣೆಗಳಲ್ಲಿ ಸೆಕೆ, ಸದ್ದು ಇರುತ್ತಿತ್ತು. ಉಪಕರಣದೊಳಗಿನ ಹೈವೋಲ್ಟೇಜ್ ವಾಲ್ವ್‌ಗಳಿಂದ (ನಿರ್ವಾತ ಕೊಳವೆಗಳಿಂದ) ಎಕ್ಸ್-ರೇ ಕೂಡ ಸೋರುವ ಸಾಧ್ಯತೆ ಇತ್ತು. ಯಾರಿಗೆ ಎಷ್ಟು ಅಲೆ ತಗುಲಿತು ಎಂಬ ಅಳತೆ, ಅದೇ ಥರದ ಕೆಲಸ ಮಾಡುವ ಆದರೆ ಅಲೆ ತಗುಲದವರ ಜೊತೆ ಹೋಲಿಕೆ, ಇವೆರಡೂ ಹೊರಗಿನವರು ಪರಿಶೀಲಿಸುವಷ್ಟು ವಿವರವಾಗಿ ಸಿಗಲಿಲ್ಲ. ಇನ್ನೊಂದು, ಎರಡು ದೇಶಗಳು ಕೇಳಿಕೊಂಡ ಪ್ರಶ್ನೆಯೇ ಬೇರೆ. ಅಮೆರಿಕನ್ನರು ಎಲ್ಲಿ ಹಾನಿ ಶುರುವಾಗುತ್ತದೆ ಎಂದು ಹುಡುಕಿ ಅದಕ್ಕಿಂತ ಕೆಳಗೆ ಗೆರೆ ಎಳೆದರು. ರಷ್ಯನ್ನರು ದೇಹದಲ್ಲಿ ಯಾವ ಬದಲಾವಣೆಯೂ ಕಾಣಬಾರದು ಎಂದು ಗೆರೆ ಎಳೆದರು. ಮೆಟ್ಟಿಲು ಹತ್ತಿದರೂ ನಾಡಿ ಬದಲಾಗುತ್ತದೆ, ಅದು ಕಾಯಿಲೆಯಲ್ಲ.

ಅಮೆರಿಕದ ಮಾತೇ ಕೊನೆಯದಾಯಿತು ಎಂದೂ ಅಲ್ಲ. ಮುಂದೆ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ, ಮೈಯ ಪ್ರತಿ ಕಿಲೋಗೆ 4 ವಾಟ್ ಶಕ್ತಿ ಒಳಗೆ ಸೇರಿದಾಗ ವರ್ತನೆ ಬದಲಾಗುವುದು ಕಂಡಿತು. ಜನಸಾಮಾನ್ಯರ ಮಿತಿಯನ್ನು ಅದರ 50ನೇ ಒಂದು ಭಾಗಕ್ಕೆ ಇಳಿಸಲಾಯಿತು. ಮೊಬೈಲ್ ಬಳಸುವ 900 ಮೆಗಾಹರ್ಟ್ಸ್ ಸುತ್ತ ಇದು ಶ್ವಾನ್ ಮಿತಿಗಿಂತ ಸುಮಾರು 20 ಪಟ್ಟು ಕಡಿಮೆ. 2012ರಲ್ಲಿ ಭಾರತ ಟವರ್‌ಗಳಿಗೆ ಅದನ್ನೂ ಹತ್ತನೇ ಒಂದಕ್ಕೆ ಇಳಿಸಿತು.

ರಾಯಭಾರ ಕಚೇರಿಯ ವಿಷಯ. 1953ರಿಂದ 1970ರ ದಶಕದ ತನಕ ಸೋವಿಯತ್ ಕಡೆಯಿಂದ ಆ ಕಟ್ಟಡದ ಮೇಲೆ ಮೈಕ್ರೋವೇವ್ ಬೀಳುತ್ತಿತ್ತು. ಬಹುಕಾಲ ಅದರ ಗರಿಷ್ಠ ಮಟ್ಟ ಚದರ ಸೆಂಟಿಮೀಟರಿಗೆ 5 ಮೈಕ್ರೋವಾಟ್, 1975ರ ಮಧ್ಯದಿಂದ ಕೆಲವು ತಿಂಗಳು 15ರಷ್ಟಕ್ಕೆ ಏರಿತ್ತು. ಅಂದರೆ ಬಹುಕಾಲ ರಷ್ಯಾದ ಆ ಬಿಗಿ ಮಿತಿಗಿಂತಲೂ ಕಡಿಮೆ. ಅಮೆರಿಕ ತನ್ನ ಸಿಬ್ಬಂದಿಗೆ 1976ರವರೆಗೆ ಹೇಳಲಿಲ್ಲ, ಒಳಗೊಳಗೇ 1965ರಿಂದ ಕೋತಿಗಳ ಮೇಲೆ ಗುಟ್ಟಿನ ಪ್ರಯೋಗ ಮಾಡಿಸಿತು. ಇದು ನಾಚಿಕೆಗೇಡಿನ ಕೆಲಸ. ಅಲ್ಲಿ ರಾಯಭಾರಿಗಳಾಗಿದ್ದ ಮೂವರು ಮುಂದೆ ಕ್ಯಾನ್ಸರಿನಿಂದ ತೀರಿಕೊಂಡದ್ದೂ ಹೌದು. ಆದರೆ ಮೂವರನ್ನು ನೋಡಿ ತೀರ್ಮಾನಿಸಲು ಬರುವುದಿಲ್ಲ. ಜಾನ್ಸ್ ಹಾಪ್‌ಕಿನ್ಸ್‌ನ ಅಬ್ರಹಾಂ ಲಿಲಿಯನ್‌ಫೆಲ್ಡ್ ತಂಡ ಮಾಸ್ಕೋದಲ್ಲಿ ಕೆಲಸ ಮಾಡಿದವರನ್ನು ಪೂರ್ವ ಯುರೋಪಿನ ಬೇರೆ ಊರುಗಳ ರಾಯಭಾರ ಕಚೇರಿಗಳಲ್ಲಿದ್ದವರ ಜೊತೆ ಹೋಲಿಸಿ 1978ರಲ್ಲಿ ವರದಿ ಕೊಟ್ಟಿತು. ಸಾವಿಗೂ ಕಾಯಿಲೆಗೂ ಆ ಅಲೆಯೇ ಕಾರಣ ಎನ್ನಲು ಪುರಾವೆ ಸಿಗಲಿಲ್ಲ. ಹೆಚ್ಚಿನವರು ಇನ್ನೂ ಚಿಕ್ಕ ವಯಸ್ಸಿನವರು, ಆದ್ದರಿಂದ ಅದು ಕೊನೆಯ ಮಾತಲ್ಲ ಎಂದೂ ಅದೇ ವರದಿ ಹೇಳಿತು. ಗುಟ್ಟು ಮಾಡಿದರು ಎಂದ ಮಾತ್ರಕ್ಕೆ ಒಳಗೆ ಭಯಂಕರ ಸತ್ಯ ಇದ್ದೇ ಇತ್ತು ಎಂದಾಗುವುದಿಲ್ಲ. ಅದು ಶೀತಲ ಸಮರದ ಕಾಲ, ಆಗ ಊಟದ ಬಿಲ್ಲೂ ಗುಟ್ಟೇ.

ಬಿಸಿಯಾಚೆಗೆ ಏನೋ ಇದೆ ಅನ್ನಿಸಿದ ಒಂದು ನಿಜವಾದ ಉದಾಹರಣೆ ಹೇಳಿಬಿಡುತ್ತೇನೆ. 1962ರಲ್ಲಿ ಅಲನ್ ಫ್ರೇ ಎಂಬ ಅಮೆರಿಕನ್ ವಿಜ್ಞಾನಿ, ರೇಡಾರಿನಂಥ ಬಿಟ್ಟು ಬಿಟ್ಟು ಬರುವ ಅಲೆ ತಲೆಗೆ ತಗುಲಿದರೆ ಟಿಕ್ ಟಿಕ್, ಗುಂಯ್ ಎಂದು ಕೇಳಿಸುತ್ತದೆ ಎಂದು ತೋರಿಸಿದರು. ಕಿವುಡರಿಗೂ ಕೆಲವರಿಗೆ ಕೇಳಿಸಿತು. ಎಷ್ಟೋ ಜನ ನಂಬಲಿಲ್ಲ. ಆದರೆ ಬೇರೆಯವರು ಮಾಡಿ ನೋಡಿದಾಗಲೂ ಅದು ಸಿಕ್ಕಿತು. 1974ರಲ್ಲಿ ಫಾಸ್ಟರ್ ಮತ್ತು ಫಿಂಚ್ ಕಾರಣ ಕಂಡುಹಿಡಿದರು: ಅಲೆಯ ಪ್ರತಿ ಬಡಿತಕ್ಕೂ ಅಂಗಾಂಶ ಒಂದು ಡಿಗ್ರಿಯ ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ ಬಿಸಿಯಾಗಿ ಹಿಗ್ಗುತ್ತದೆ, ಆ ಹಿಗ್ಗು ಶಬ್ದದ ಅಲೆಯಾಗಿ ಒಳಕಿವಿಗೆ ತಲುಪುತ್ತದೆ. ಅದೂ ಕೊನೆಗೆ ಬಿಸಿಯೇ!

ಹಾಗಾದರೆ ಬಿಸಿಯಾಚೆಗೆ ಏನೂ ಇಲ್ಲವೇ? ಮೊಬೈಲ್ ಅಲೆಯನ್ನು 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ‘ಕ್ಯಾನ್ಸರ್ ತರಬಹುದಾದ ಸಾಧ್ಯತೆ ಇರುವ’ ಗುಂಪಿಗೆ ಹಾಕಿತು. ಪುರಾವೆ ಸೀಮಿತ, ಪೂರ್ತಿ ತಳ್ಳಿಹಾಕಲೂ ಆಗದು ಎಂಬುದು ಅದರ ಅರ್ಥ. ಅದು ವರ್ಷಗಟ್ಟಲೆ ತಲೆಯ ಪಕ್ಕ ಫೋನ್ ಹಿಡಿಯುವವರ ಪ್ರಶ್ನೆ. ಹತ್ತು ದಿನ ಹದಿನೈದು ನಿಮಿಷ ಮಂಡಿಗೆ ಶಾಖ ಪಡೆಯುವವರ ಪ್ರಶ್ನೆ ಅದಲ್ಲ. ಎಕ್ಸ್-ರೇಯ ಹಾಗೆ ಅಣುವನ್ನೇ ಒಡೆಯುವ ಶಕ್ತಿ ಈ ಅಲೆಗಿಲ್ಲ.

ಆದರೆ ಬಿಸಿಯ ವಿಷಯದಲ್ಲಿ ಡೈಥರ್ಮಿ ಮೊಬೈಲಿಗಿಂತ ಎಷ್ಟೋ ಪಟ್ಟು ಜೋರು. ಅದರ ಕೆಲಸವೇ ಅಂಗಾಂಶವನ್ನು 40 ಡಿಗ್ರಿ ದಾಟಿಸುವುದು. ವಿಡಿಯೋ ಹೆದರಿಸಬೇಕಾದ ಕಡೆ ಹೆದರಿಸಲೇ ಇಲ್ಲ.

ರಾಡ್ ವಿಷಯಕ್ಕೆ ಬರೋಣ. ಯಾವ ತೊಡೆ ಎಂದು ನೀವು ಬರೆದಿಲ್ಲ. ಎಡಗಾಲಿನದಾದರೆ ಈ ಚಿಕಿತ್ಸೆ ಬೇಡ, ಇಲ್ಲಿಗೇ ನಿಲ್ಲಿಸಿ. ತೊಡೆಮೂಳೆಯ ಒಳಗೆ ಹಾಕುವ ರಾಡ್ ಹೆಚ್ಚಾಗಿ ಮಂಡಿಯ ಸ್ವಲ್ಪ ಮೇಲಿನವರೆಗೂ ಬಂದಿರುತ್ತದೆ. ಲೋಹದ ತುದಿಯಲ್ಲಿ, ಸ್ಕ್ರೂಗಳ ಸುತ್ತ ವಿದ್ಯುತ್ ಕ್ಷೇತ್ರ ಒತ್ತೊತ್ತಾಗಿ ಸೇರಿ ಅಲ್ಲಿನ ಮಾಂಸ ಬೇಯಬಹುದು. ಚರ್ಮದ ಮೇಲೆ ಏನೂ ಕಾಣಿಸದೆ ಒಳಗೇ ಸುಡುವುದರಿಂದ ತಡವಾಗಿ ಗೊತ್ತಾಗುತ್ತದೆ. ಬಲಗಾಲಿನದಾದರೆ ಅಪಾಯ ಬಹಳ ಕಡಿಮೆ, ಆದರೂ ಆ ಕಾಲು ಪ್ಯಾಡ್‌ಗಳಿಂದಲೂ ಕೇಬಲ್‌ಗಳಿಂದಲೂ ದೂರ ಇರಬೇಕು. ಪೇಸ್‌ಮೇಕರ್ ಅಥವಾ ಮಿದುಳಿಗೆ ತಂತಿ ಹಾಕಿಸಿಕೊಂಡವರಿಗಂತೂ ಈ ಯಂತ್ರ ಬೇಡವೇ ಬೇಡ. ಅಂಥ ರೋಗಿಗಳಿಗೆ ಮಿದುಳಿನ ಗಂಭೀರ ಹಾನಿಯಾದ ಮೇಲೆ 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಎಚ್ಚರಿಕೆ ಹೊರಡಿಸಿತ್ತು.

ಶುಗರ್ ನನಗೆ ರಾಡ್‌ಗಿಂತ ಜಾಸ್ತಿ ಚಿಂತೆ. ಡೈಥರ್ಮಿಗೆ ಥರ್ಮಾಮೀಟರ್ ಇಲ್ಲ. ಎಷ್ಟು ಬಿಸಿ ಸಾಕು ಎಂದು ಹೇಳುವುದು ರೋಗಿಯ ಚರ್ಮ. ಹನ್ನೆರಡು ವರ್ಷದ ಶುಗರ್ ಇದ್ದವರಲ್ಲಿ ಬಿಸಿ ತಿಳಿಯುವ ನರಗಳು ಮಂಕಾಗಿರಬಹುದು, ಸಣ್ಣ ರಕ್ತನಾಳಗಳೂ ಕಟ್ಟಿಕೊಂಡಿರಬಹುದು. ಕಣ್ಣಿನ ಮಸೂರದ ಕಥೆ ನೆನಪಾಯಿತಲ್ಲ? ಶಾಖ ಬರುತ್ತದೆ, ಹೊರಹೋಗುವುದಿಲ್ಲ, ನಿಮಗೆ ಗೊತ್ತೂ ಆಗುವುದಿಲ್ಲ. ಹಿತವಾಗಿದೆ ಎನ್ನುವ ಮಾತನ್ನು ನಾನು ಅದಕ್ಕೇ ಪೂರ್ತಿ ನಂಬುವುದಿಲ್ಲ. ಚಿಕಿತ್ಸೆಗೆ ಮುಂಚೆ ಬಿಸಿನೀರು, ತಣ್ಣೀರಿನ ಎರಡು ಗಾಜಿನ ಕೊಳವೆಗಳನ್ನು ಮಂಡಿಗೆ ಮುಟ್ಟಿಸಿ, ಕಣ್ಣು ಮುಚ್ಚಿದ ನಿಮ್ಮಿಂದ ಯಾವುದು ಯಾವುದು ಎಂದು ಹೇಳಿಸಬೇಕು. ಎರಡು ನಿಮಿಷದ ಕೆಲಸ. ಮಾಡಿಲ್ಲವಾದರೆ ಕೇಳಿ ಮಾಡಿಸಿ. ಮನೆಯಲ್ಲಿ ನೀವೇ ಬಿಸಿನೀರು ಇಟ್ಟುಕೊಂಡು ಪರೀಕ್ಷೆ ಮಾಡಲು ಹೋಗಬೇಡಿ.

ಆಸ್ಪತ್ರೆಗಳಲ್ಲಿ ಈ ಯಂತ್ರಗಳ ಸುತ್ತ ಅಳತೆ ಮಾಡುವುದು ನನ್ನ ಕೆಲಸದ ಭಾಗ. ಪ್ಯಾಡ್, ಕೇಬಲ್ ಹತ್ತಿರ ಮೀಟರ್ ಮುಳ್ಳು ಜೋರಾಗಿ ಏರುತ್ತದೆ, ಒಂದು ಮೀಟರ್ ಆಚೆ ಬಂದರೆ ತಟ್ಟನೆ ಇಳಿಯುತ್ತದೆ. ಅದಕ್ಕೇ ಸಿಬ್ಬಂದಿಯೂ ಯಂತ್ರ ಹಾಕಿದ ಮೇಲೆ ದೂರ ನಿಲ್ಲಬೇಕು. ನಿಮ್ಮ ಮಗಳಿಗೆ ಇಷ್ಟು ದಿನದಲ್ಲಿ ಏನೋ ಆಗಿಬಿಟ್ಟಿದೆ ಎಂದು ದಿಗಿಲು ಬೀಳುವ ಕಾರಣ ಇಲ್ಲ. ಆದರೆ ಬಸುರಿಯರನ್ನು ಈ ಯಂತ್ರದಿಂದ ದೂರ ಇಡುವುದು ಎಲ್ಲ ಕಡೆಯ ನಿಯಮ. ಹೊರಗೆ ಕೂರುವುದರಿಂದ ಅವರು ಕಳೆದುಕೊಳ್ಳುವುದೇನೂ ಇಲ್ಲವಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ರಾಡ್ ಬಲಗಾಲಿನದಾಗಿ, ಬಿಸಿ-ತಣ್ಣನೆ ಸರಿಯಾಗಿ ಗೊತ್ತಾದರೆ, ಉಳಿದ ಐದು ಸಿಟ್ಟಿಂಗ್ ಮುಗಿಸಬಹುದು. ಬೆವರು ಒರೆಸಿಕೊಂಡು, ಒಣ ಟವೆಲ್ ಹಾಕಿಸಿಕೊಂಡು, ಕಾಲ್ಗೆಜ್ಜೆ ಬಿಚ್ಚಿಟ್ಟು, ಮರದ ಕುರ್ಚಿ ಅಥವಾ ಮಂಚದಲ್ಲಿ ಕೂರಿ. ಮೊಬೈಲ್ ಮಗಳ ಕೈಗೆ ಕೊಡಿ. ಬೆಚ್ಚಗಿದ್ದದ್ದು ಒಂದು ಚೂರು ಚುರ್ ಎಂದರೂ ಕೂಗಿ ಹೇಳಿ. ಸಂಕೋಚದಿಂದ ತಡೆದುಕೊಂಡವರೇ ಸುಟ್ಟುಕೊಳ್ಳುವುದು. ಮಂಡಿ ಕೆಂಪಾಗಿ ಊದಿಕೊಂಡ ದಿನ ಶಾಖ ಬೇಡ.

ಇನ್ನೊಂದು ದಾರಿ, ಡೈಥರ್ಮಿ ಬಿಟ್ಟು ವ್ಯಾಯಾಮ ಮಾತ್ರ ಮುಂದುವರಿಸುವುದು. ನೀವು ನನ್ನ ಅಕ್ಕನಾಗಿದ್ದರೆ ಇದನ್ನೇ ಹೇಳುತ್ತಿದ್ದೆ. ಸವೆದ ಮಂಡಿಗೆ ಶಾಖ ಕೆಲವು ಗಂಟೆ ಹಿತ ಕೊಡುತ್ತದೆ, ಅಷ್ಟೇ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ, ತೂಕ ನಾಲ್ಕೈದು ಕಿಲೋ ಇಳಿದರೆ ಸಿಗುವ ಲಾಭಕ್ಕೆ ಅದು ಸಮ ಅಲ್ಲ. ಡೈಥರ್ಮಿ ನಡುವೆ ನಿಲ್ಲಿಸಿದರೆ ಏನೂ ಕೆಡುವುದಿಲ್ಲ. ಅದರ ಬದಲು ಮನೆಯಲ್ಲಿ ಬಿಸಿನೀರಿನ ಚೀಲ ಇಟ್ಟುಕೊಳ್ಳೋಣ ಎಂದು ಮಾತ್ರ ಹೋಗಬೇಡಿ. ಬಿಸಿ ತಿಳಿಯದ ಕಾಲಿಗೆ ಅದೂ ಬೊಬ್ಬೆ ಎಬ್ಬಿಸುತ್ತದೆ.

ಆಪರೇಷನ್ ಆದಾಗ ಕೊಟ್ಟ ಡಿಸ್ಚಾರ್ಜ್ ಚೀಟಿ, ಎಕ್ಸ್-ರೇ ಎರಡನ್ನೂ ತೆಗೆದುಕೊಂಡು ಹೋಗಿ ತೋರಿಸಿ. ಕಟ್ಟಿದ ದುಡ್ಡು ವ್ಯರ್ಥವಾಗುತ್ತದೆ ಎಂಬ ಕಾರಣಕ್ಕೆ ಯಂತ್ರದ ಮುಂದೆ ಕೂರಬೇಡಿ. ಉಳಿದ ಐದು ಸಿಟ್ಟಿಂಗ್‌ನಲ್ಲಿ ವ್ಯಾಯಾಮ ಹೇಳಿಕೊಡಿ ಎಂದು ಕೇಳಿ ನೋಡಿ.